ಊಟದ ಚೀಲವನ್ನು ಮೂಸಿ ನೋಡುತ್ತಿದ್ದವರು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ತಿಳಿಸಿದವರು ಅವರು ಹಿಂದೆ ಆಯಾ ಆಗಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ವಾರ್ಡಿನ ಹಿರಿಯ ಸಿಸ್ಟರ್. ಲಿಂಗರಾಜಪುರದ ನಮ್ಮ ಮನೆಯಲ್ಲಿ ಆಗಷ್ಟೇ ಬೆಳಗಿನ ಕಾಫಿ ಮುಗಿದಿತ್ತು. ಫೋನು ಬಂತು. "ಸಾರ್, ನಮ್ಮ ಅಕ್ಕ ಹೋಗ್ಬಿಟ್ಳು. ನೀರು ಹಿಡಿಯೋಕೆ ಎದ್ದೋಳು ಹಾಗೇ ಕೂತ್ಬಿಟ್ಟಳಂತೆ. ನೀವು ಹೋಗ್ತೀರಾ? ನನ್ನನ್ನ ಒಳಗೆ ಬಿಡಲ್ಲ ಅವರು," ಎಂದರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ವಾರ್ಡಿನಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಇಲ್ಲಿಯೂ ಅದೇ ಸಾಕು. ದಿನಾಂಕಗಳನ್ನೂ ಬರೆಯುವುದಿಲ್ಲ. ಬದುಕಿನ ಬಹುಭಾಗವನ್ನು ಆಹಾರ ಮತ್ತು ಪೋಷಣೆಯ ಸಂಶೋಧನೆಯಲ್ಲಿ ಕಳೆದ ನನಗೆ ದಿನಾಂಕವಿಲ್ಲದ ಬರಹ ಅರ್ಧ ಬರಹ. ಇದನ್ನು ಬರೆಯಲು ಕೂರುವ ಮೊದಲೂ ನನ್ನ ದಿನಚರಿಯನ್ನು ನಾನು ಆ ಆಸ್ಪತ್ರೆಗೆ ಬರೆದ ವರದಿಯ ಕರಡಿನೊಂದಿಗೆ, ಕರಡನ್ನು ಆಸ್ಪತ್ರೆಯ ಪತ್ರಗಳೊಂದಿಗೆ ಹೋಲಿಸಿ, ನಡೆದ ಪ್ರತಿಯೊಂದು ಸಂಗತಿಯ ದಿನವನ್ನು ಖಚಿತಪಡಿಸಿಕೊಂಡಿದ್ದೇನೆ. ಆದರೂ ಅವು ಈ ಪುಟಗಳ ಹೊರಗೇ ಇರಲಿ. ಅದರ ಕಾರಣ ಓದುಗರಿಗೆ ಮುಂದೆ ತಿಳಿಯುತ್ತದೆ.

ಒಂದು ಮಾತನ್ನು ಮಾತ್ರ ಮೊದಲೇ ಹೇಳಬೇಕು. ಅಕ್ಕನ ಕೆಲಸ ಹೋದದ್ದು ಯಾರಿಂದ ಎಂಬುದನ್ನು ಅವರು ಕೊನೆಯವರೆಗೂ ತಪ್ಪಾಗಿ ತಿಳಿದಿದ್ದರು. ಆ ಸಿಸ್ಟರೇ ತಮ್ಮ ಹೆಸರು ಹೇಳಿಬಿಟ್ಟರೆಂದು ನಂಬಿದ್ದರು. ನಿಜ ಏನೆಂದು ಬಲ್ಲವರಲ್ಲಿ ಅದನ್ನು ತಿದ್ದಬಹುದಾಗಿದ್ದವನು ನಾನೊಬ್ಬನೇ.

ನಿವೃತ್ತನಾದ ಮೇಲೆ, ದಂಡುಪ್ರದೇಶದ ಹಳೆಯ ಧರ್ಮಾರ್ಥ ಆಸ್ಪತ್ರೆಯೊಂದು ನನ್ನಿಂದ ಸಣ್ಣದೊಂದು ಸಮೀಕ್ಷೆ ಮಾಡಿಸಿತು. ಪಾರ್ಶ್ವವಾಯು ಬಡಿದು ನುಂಗಲಾರದವರು, ಎಚ್ಚರವಿಲ್ಲದವರು ಹೆಚ್ಚಾಗಿರುವ ವಾರ್ಡು ಅದು. ಅಂಥವರಿಗೆ ಮೂಗಿನ ಮೂಲಕ ಹೊಟ್ಟೆಗೆ ಇಳಿಬಿಟ್ಟ ಟ್ಯೂಬಿನಲ್ಲಿ ತೆಳುವಾದ ಗಂಜಿಯನ್ನು ಕೊಡುತ್ತಾರೆ. ಬಹುಕಾಲ ಅಲ್ಲಿ ಸ್ಟೀಲಿನ ಜಗ್ಗು ಮತ್ತು ದಪ್ಪ ಸಿರಿಂಜು ಬಳಕೆಯಲ್ಲಿದ್ದವು. ಆಯಾ ಪಕ್ಕದಲ್ಲಿ ನಿಂತು ಕೈಯಾರೆ ಸುರಿಯಬೇಕಿತ್ತು. ಅವುಗಳ ಜಾಗಕ್ಕೆ ಪ್ಲಾಸ್ಟಿಕ್ ಚೀಲಗಳು ಬಂದವು. ಗಂಜಿ ತುಂಬಿ, ಗ್ಲೂಕೋಸ್ ಬಾಟಲಿಯ ಹಾಗೆ ಸ್ಟ್ಯಾಂಡಿಗೆ ನೇತುಹಾಕಿದರೆ ತಾನಾಗಿ ತೊಟ್ಟಿಕ್ಕುತ್ತದೆ. ಈ ಚೀಲಗಳ ಬಗ್ಗೆ ಸಿಬ್ಬಂದಿಗೆ ಎಷ್ಟರಮಟ್ಟಿಗೆ ತೃಪ್ತಿಯಿದೆ ಎಂಬುದೇ ನಾನು ತಿಳಿದುಕೊಳ್ಳಬೇಕಾಗಿದ್ದ ವಿಷಯ. ತುಂಬುವುದು ಸುಲಭವೇ, ಅಳತೆಯ ಗೆರೆ ಕಾಣುತ್ತದೆಯೇ, ಸೋರುತ್ತದೆಯೇ, ತೊಳೆಯಲು ಬರುತ್ತದೆಯೇ ಎಂಬಂಥ ಪ್ರಶ್ನೆಗಳು. ಪ್ರತಿಯೊಂದಕ್ಕೂ 'ತುಂಬಾ ತೃಪ್ತಿ'ಯಿಂದ 'ತುಂಬಾ ಅತೃಪ್ತಿ'ಯವರೆಗೆ ಐದು ಚೌಕಗಳು.

ನಾನು ಮೊದಲ ಸಲ ವಾರ್ಡಿಗೆ ಹೋದಾಗ ಅಕ್ಕ ಕಿಟಕಿಯ ಬಳಿ ನಿಂತು, ತೊಳೆದ ಚೀಲವೊಂದನ್ನು ಬೆಳಕಿಗೆ ಹಿಡಿದಿದ್ದರು. ಕುಳ್ಳಗಿನ ಆಳು, ನೀಲಿ ಸೀರೆ, ಸೆರಗಿಗೆ ಎರಡು ಪಿನ್ನು. ಚೀಲದ ಕೆಳಮೂಲೆಯನ್ನು ಉಗುರಿನಿಂದ ಚಿವುಟಿ ಹಿಂದಕ್ಕೆ ಮಡಚಿದರು. ಬಳಿಕ ಅದರ ಬಾಯಿಯನ್ನು ಮೂಗಿಗೆ ಒಡ್ಡಿ, ಕಣ್ಣು ಮುಚ್ಚಿ, ದೀರ್ಘವಾಗಿ ಮೂಸಿದರು. ಮುಖ ಕಿವುಚಿ ಚೀಲವನ್ನು ಪಕ್ಕದ ಬಕೆಟ್ಟಿಗೆ ಹಾಕಿ ಇನ್ನೊಂದನ್ನು ಎತ್ತಿಕೊಂಡರು. ನಾನು ಏನು ನೋಡುತ್ತಿದ್ದೇನೆ ಎಂದು ಕೇಳದೆಯೇ ಹೇಳಿದರು: "ಮೂಲೇಲಿ ಸೇರ್ಕೊಳತ್ತೆ ಸಾರ್. ಬ್ರಷ್ ಹೋಗಲ್ಲ. ಕಣ್ಣಿಗೆ ಸುಳ್ಳು ಹೇಳುತ್ತೆ ಚೀಲ, ಮೂಗಿಗೆ ಹೇಳಕ್ಕಾಗಲ್ಲ."

ಸಂಶೋಧನಾ ಸಂಸ್ಥೆಯಲ್ಲಿ ಇದೇ ವಿಷಯವನ್ನು ತಿಳಿಯಲು ನಾವು ಕ್ರಿಮಿ ಬೆಳೆಸಿ ನೋಡುವ ಗಾಜಿನ ತಟ್ಟೆ, ಬೆಚ್ಚಗಿನ ಪೆಟ್ಟಿಗೆ, ಎರಡು ದಿನದ ಕಾಯುವಿಕೆ ಎಲ್ಲವನ್ನೂ ಬಳಸುತ್ತಿದ್ದೆವು. ಕುತೂಹಲಕ್ಕೆಂದು ಅವರು ಬಕೆಟ್ಟಿಗೆ ಹಾಕಿದ ಚೀಲವೊಂದನ್ನು ಹಳೆಯ ಸಹೋದ್ಯೋಗಿಯೊಬ್ಬರ ಪ್ರಯೋಗಾಲಯಕ್ಕೆ ಕೊಟ್ಟು ನೋಡಿದೆ. ಮೂಗು ಹೇಳಿದ್ದನ್ನೇ ತಟ್ಟೆಯೂ ಹೇಳಿತು.

ಅವರು ಹುಟ್ಟಿ ಬೆಳೆದದ್ದು ಜೋಗುಪಾಳ್ಯದಲ್ಲಿ. ಹಲಸೂರಿನ ಶಾಲೆಯೊಂದರಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಓದಿದ್ದರು. ಭಾಷೆಯ ಬಗ್ಗೆ ಕೇಳಿದಾಗ, "ಮನೇಲಿ ತಮಿಳು, ವಾರ್ಡಲ್ಲಿ ಕನ್ನಡ, ಡಾಕ್ಟರ್ ಮುಂದೆ ಬಾಯಿ ಬೀಗ," ಎಂದರು. ಆಸ್ಪತ್ರೆಗೆ ಅವರು ನೇರ ನೌಕರರಲ್ಲ. ಆಯಾಗಳನ್ನು ಒದಗಿಸುವ ಏಜೆನ್ಸಿಯೊಂದರ ಮೂಲಕ ಬಂದವರು. ಏಜೆನ್ಸಿಗಳು ಬದಲಾದವು. ಅವರು ಮಾತ್ರ ಅದೇ ವಾರ್ಡಿನಲ್ಲಿ ಹದಿನೇಳು ವರ್ಷ ಉಳಿದರು.

ಗಂಜಿ ಕೊಡುವ ಮುನ್ನ ಅವರು ರೋಗಿಗೆ ಅಂದಿನ ಊಟ ಏನೆಂದು ಹೇಳುತ್ತಿದ್ದರು. ಅಡುಗೆಮನೆಯಿಂದ ಬರುತ್ತಿದ್ದುದು ದಿನವೂ ಒಂದೇ: ರಾಗಿ, ಹಾಲು, ಸಕ್ಕರೆ, ಒಂದಿಷ್ಟು ಎಣ್ಣೆ ಸೇರಿಸಿ ಬಟ್ಟೆಯಲ್ಲಿ ಸೋಸಿದ ಕಂದು ದ್ರವ. ಆದರೆ ಅಕ್ಕನ ಬಾಯಲ್ಲಿ ಅದು ಸೋಮವಾರ ಉಪ್ಪಿಟ್ಟು, ಮಂಗಳವಾರ ಹುರುಳಿಕಾಳಿನ ಸಾರು. ಮೊದಲು ಒಂದು ತೊಟ್ಟನ್ನು ತಮ್ಮ ಮುಂಗೈಯ ಒಳಭಾಗಕ್ಕೆ ಬಿಟ್ಟು ಬಿಸಿ ನೋಡುವರು. ಆಮೇಲೆ ಕಿವಿಯ ಹತ್ತಿರ ಬಗ್ಗಿ, "ತಾತಾ, ಊಟ ಬಂತು. ಇವತ್ತು ಅವರೇಕಾಯಿ ಹಾಕಿದೀವಿ," ಎನ್ನುವರು. ಒಂದು ಭಾನುವಾರ, ಮಾತು ನಿಂತುಹೋದ ಹಿರಿಯರೊಬ್ಬರಿಗೆ ಮೀನು ಸಾರು ಎಂದುಬಿಟ್ಟರು. ಪಕ್ಕದಲ್ಲೇ ಜಪಸರ ಹಿಡಿದು ಕುಳಿತಿದ್ದ ಅವರ ಹೆಂಡತಿ ಎದ್ದು ನಿಂತರು.

"ನಮ್ಮನೆಯವ್ರಿಗೆ ಮೀನು ಕುಡಿಸ್ತಿದೀರೇನಮ್ಮ ನೀವು?"

"ಅಯ್ಯೋ ಇಲ್ಲಮ್ಮ, ಅದೇ ರಾಗಿ ಗಂಜಿನೇ. ಸುಮ್ನೆ ಹೇಳ್ದೆ."

"ಹೇಳೋದಾದ್ರೂ ಯಾಕೆ? ಮೊಟ್ಟೆ ಕೂಡ ಮುಟ್ಟಿದವರಲ್ಲ ಅವರು."

"ಮೂರು ವಾರದಿಂದ ಕಣ್ಣು ಬಿಟ್ಟಿರ್ಲಿಲ್ಲ ಅಲ್ವಾಮ್ಮಾ. ಈಗ ನೋಡಿ."

ಹಿರಿಯರ ಕಣ್ಣು ನಿಜಕ್ಕೂ ತೆರೆದಿತ್ತು. ಆಕೆ ಗಂಡನನ್ನೇ ಬಹಳ ಹೊತ್ತು ದಿಟ್ಟಿಸಿ, "ಆಫೀಸ್ ಕ್ಯಾಂಟೀನಲ್ಲಿ ಕಲ್ತಿರ್ಬೇಕು," ಎಂದಷ್ಟೇ ಹೇಳಿ ಕುಳಿತರು. ಅಂದಿನಿಂದ ಅವರೇ ಅಕ್ಕನನ್ನು ಬಾಗಿಲ ಬಳಿ ಮೆಲ್ಲಗೆ ಕೇಳುತ್ತಿದ್ದರು: "ಇವತ್ತು ಏನು ಹೇಳ್ತೀರಾ ಅವ್ರಿಗೆ?"

ಚೀಲ ಬಂದ ಮೇಲೆ ಆಯಾಗಳು ಪಕ್ಕದಲ್ಲಿ ನಿಲ್ಲಬೇಕಾಗಿರಲಿಲ್ಲ. ಆಡಳಿತದ ದೃಷ್ಟಿಯಲ್ಲಿ ಅದೇ ಅದರ ಮುಖ್ಯ ಲಾಭ. ಅಕ್ಕ ಮಾತ್ರ ಸ್ಟೂಲು ಎಳೆದುಕೊಂಡು ಕೂರುತ್ತಲೇ ಇದ್ದರು. ಸುಮ್ಮನೆ ಕುಳಿತಿದ್ದೀರಲ್ಲ ಎಂದು ಯಾರೋ ಕೇಳಿದ್ದಕ್ಕೆ, "ನೀರ್ ಹಾಕಿ ಹೋಗಕ್ಕೆ ಅವ್ರೇನು ಗಿಡಾನಾ?" ಎಂದಿದ್ದರಂತೆ. ಇದನ್ನು ನನಗೆ ಹೇಳಿದವರು ಸಿಸ್ಟರ್. ಹೇಳುವಾಗ ಅವರಿಗೆ ನಗು ತಡೆಯಲಾಗಿರಲಿಲ್ಲ.

ಸಿಸ್ಟರ್ ಕೋಲಾರದ ಕಡೆಯವರು, ಅಕ್ಕನಿಗಿಂತ ಒಂದೆರಡು ವರ್ಷ ಚಿಕ್ಕವರು. ಹುದ್ದೆಯಲ್ಲಿ ಇಬ್ಬರ ನಡುವೆ ಎಷ್ಟು ಅಂತರವಿತ್ತೋ ಊಟದಲ್ಲಿ ಅಷ್ಟೇ ಸಲಿಗೆ. ಮಧ್ಯಾಹ್ನ ಎರಡಕ್ಕೆ, ಹಾಸಿಗೆ ಬಟ್ಟೆ ಇಡುವ ಲಿನನ್ ಕೋಣೆಯಲ್ಲಿ, ಒಂದೇ ಡಬ್ಬಿಯ ಮುಚ್ಚಳದಲ್ಲಿ ಇಬ್ಬರೂ ಊಟ ಮಾಡುತ್ತಿದ್ದರು.

"ಏನೇ ಇದು, ಉಪ್ಪೇ ಇಲ್ಲ."

"ನಿಮಗೆ ಬಿಪಿ ಅಂತ ಡಾಕ್ಟರ್ ಹೇಳಿಲ್ವಾ ಸಿಸ್ಟರಮ್ಮ. ನನ್ನ ಮೇಲೆ ಯಾಕೆ ರೇಗ್ತೀರಾ."

"ನೀನು ಟ್ಯೂಬಲ್ಲೇ ಹಾಕ್ಬಿಡು ನನಗೂ. ರುಚಿ ಗೊತ್ತಾಗಲ್ಲ."

"ನಿಮಗೆ ಟ್ಯೂಬ್ ಹಾಕಿದ್ರೆ ಬಾಯಿ ಖಾಲಿ ಇರತ್ತೆ. ವಾರ್ಡ್ ಉಳಿಯುತ್ತಾ ಆಮೇಲೆ?"

ಬಾಗಿಲ ಹೊರಗೆ ಸಮೀಕ್ಷೆಯ ನಮೂನೆಗಳನ್ನು ಹಿಡಿದು ನಿಂತಿದ್ದ ನಾನು ಇದನ್ನು ಕೇಳಿಸಿಕೊಂಡು, ಕದ ತಟ್ಟದೆ ಅರ್ಧ ಗಂಟೆ ಬಿಟ್ಟು ಬಂದೆ.

ಇನ್ನು ಚೀಲದ ಮೇಲಿನ ತಾರೀಕಿನ ವಿಚಾರ. ಚೀಲವನ್ನು ಮೊದಲ ಸಲ ತುಂಬುವಾಗ ಅದರ ಮೇಲೆ ಮಾರ್ಕರ್ ಪೆನ್ನಿನಿಂದ ತಾರೀಕು ಬರೆಯಬೇಕು, ಒಂದು ದಿನ ಕಳೆದರೆ ಎಸೆಯಬೇಕು, ಇದು ನಿಯಮ. ಆದರೆ ವಾರ್ಡಿಗೆ ಬೇಕಾದಷ್ಟು ಚೀಲ ಸ್ಟೋರಿನಿಂದ ಬರುತ್ತಿರಲಿಲ್ಲ. ಸಿಸ್ಟರ್ ಬರೆದ ಬೇಡಿಕೆಯ ಚೀಟಿಗಳ ನಕಲುಗಳನ್ನು ನಾನೇ ನೋಡಿದ್ದೇನೆ. ಒಂದರ ಮೇಲೂ ಉತ್ತರವಿರಲಿಲ್ಲ. ಹಾಗಾಗಿ ಬೆಳಿಗ್ಗೆ ಚೀಲ ತೊಳೆದು, ಹತ್ತಿಗೆ ಸ್ಪಿರಿಟ್ ಹಾಕಿ ಹಳೆಯ ತಾರೀಕು ಒರೆಸಿ, ಹೊಸ ತಾರೀಕು ಬರೆಯುವುದು ವಾರ್ಡಿನ ರೂಢಿಯಾಗಿತ್ತು. ಮೂರನೆಯ, ನಾಲ್ಕನೆಯ ದಿನದ ಚೀಲವೂ ಇವತ್ತಿನದೇ ಆಗಿ ನೇತಾಡುತ್ತಿತ್ತು. ಹೀಗೆ ಮಾಡಿ ಎಂದು ಹೇಳಬೇಕಾಗಿ ಬಂದವರು ಸಿಸ್ಟರ್. ಅದಕ್ಕಾಗಿ ಅವರು ಒಳಗೊಳಗೇ ಬೇಯುತ್ತಿದ್ದರು. ಅಕ್ಕ ಒರೆಸುತ್ತಿದ್ದರು, ಬರೆಯುತ್ತಿದ್ದರು, ಆದರೆ ಮೂಸದೆ ಒಂದನ್ನೂ ನೇತುಹಾಕುತ್ತಿರಲಿಲ್ಲ. ವಾಸನೆ ಬಂದದ್ದನ್ನು ಬಕೆಟ್ಟಿಗೆ ಹಾಕಿ, ಆ ರೋಗಿಗೆ ಹಳೆಯ ಜಗ್ಗಿನಿಂದಲೇ ಕೊಡುತ್ತಿದ್ದರು. ಇದು ಅವರ ಪಾಳಿಯಲ್ಲಿ ಮಾತ್ರ ನಡೆಯುತ್ತಿತ್ತು.

ನಮೂನೆ ಹಂಚಿದ ದಿನ ಅಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ತೃಪ್ತಿ ಅಂದ್ರೆ ಊಟ ಆದ್ಮೇಲೆ ಬರೋದಲ್ವಾ ಸಾರ್? ಪಾತ್ರೆ ನೋಡಿದ್ರೆ ಹೇಗೆ ಬರತ್ತೆ?"

"ಕೆಲಸಕ್ಕೆ ಅನುಕೂಲವಾಗಿದೆಯೇ ಇಲ್ಲವೇ ಅಂತ ಅಷ್ಟೇ, ಅಮ್ಮ."

"ಹೆಸರು ಬರೀಬೇಕಾ?"

"ಬೇಡ."

"ಸೈನು?"

"ಅದೂ ಬೇಡ. ಯಾರು ಬರೆದರು ಅಂತ ಯಾರಿಗೂ ಗೊತ್ತಾಗೋದಿಲ್ಲ."

"ಮತ್ತೆ ಇಲ್ಲಿ ತಾರೀಕು, ಪಾಳಿ ಅಂತ ಇದೆಯಲ್ಲ?"

"ಅದು ನಾನು ತಾಳೆ ನೋಡೋದಕ್ಕೆ," ಎಂದೆ.

ಅವರು ಒಪ್ಪಿದರು. ತಾರೀಕು ಮತ್ತು ಪಾಳಿಯ ಆ ಎರಡು ಚೌಕಗಳು ನನ್ನ ವೃತ್ತಿಜೀವನದ ಅಭ್ಯಾಸ. ಉತ್ತರ ಯಾವ ದಿನ, ಯಾವ ಹೊತ್ತಿನಲ್ಲಿ ಬರೆದದ್ದೆಂದು ತಿಳಿಯದಿದ್ದರೆ ಅದನ್ನು ನಂಬುವುದು ಹೇಗೆ ಎಂದು ನಾನು ಕಿರಿಯ ಸಂಶೋಧಕರನ್ನು ಎಷ್ಟೋ ಸಲ ಗದರಿದ್ದೇನೆ.

ಉಳಿದ ಸಿಬ್ಬಂದಿ ಊಟದ ಬಿಡುವಿನಲ್ಲಿ ಒಟ್ಟಿಗೆ ಕುಳಿತು, "ನೀನ್ ಯಾವ್ದಕ್ಕೆ ಹಾಕ್ದೆ?" ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು, ಎಲ್ಲದಕ್ಕೂ 'ತೃಪ್ತಿ' ಎಂಬ ಚೌಕಕ್ಕೆ ಗುರುತು ಹಾಕಿ ಕೊಟ್ಟರು. ಅಕ್ಕ ತಮ್ಮ ನಮೂನೆಯನ್ನು ಭಾನುವಾರ ಮಧ್ಯಾಹ್ನದ ಪಾಳಿಗೆ ತೆಗೆದುಕೊಂಡು ಹೋಗಿ, ಸ್ಟೂಲಿನ ಮೇಲೆ ಕುಳಿತು, ಗಂಜಿ ತೊಟ್ಟಿಕ್ಕುತ್ತಿರುವಾಗ ತುಂಬಿದರು. ಕೊನೆಯಲ್ಲಿ 'ಬೇರೆ ಏನಾದರೂ ಹೇಳುವುದಿದ್ದರೆ' ಎಂದು ನಾನು ಎರಡು ಗೆರೆ ಬಿಟ್ಟಿದ್ದೆ. ಬೇರೆಲ್ಲ ನಮೂನೆಗಳಲ್ಲೂ ಖಾಲಿಯಿದ್ದ ಆ ಜಾಗದಲ್ಲಿ ದಪ್ಪ ದುಂಡು ಅಕ್ಷರಗಳಿದ್ದವು: ಚೀಲ ದಿನಾ ಎಸೆಯಲ್ಲ, ತಾರೀಕು ಒರೆಸಿ ಬೇರೆ ಬರೀತೀವಿ, ಒಳಗೆ ಹುಳಿ ವಾಸನೆ ಬರುತ್ತೆ, ಅವರಿಗೆ ಹೇಳೋಕೆ ಬಾಯಿಲ್ಲ, ಹೊಸದು ಕೊಡಿ.

ಓದಿದಾಗ ನನಗೆ ಸಂತೋಷವಾಯಿತು. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಸಂತೋಷವೇ. ಸಮೀಕ್ಷೆಗೆ ಒಂದು ನಿಜವಾದ ಉತ್ತರ ಸಿಕ್ಕಿತೆಂಬ ಸಂಶೋಧಕನ ಸಂತೋಷ.

ವರದಿಯಲ್ಲಿ ನಾನು ಆ ಮಾತುಗಳನ್ನು ಯಥಾವತ್ತಾಗಿ ಉದ್ಧರಿಸಿದೆ. ಯಾವ ಹೆಸರೂ ಇರಲಿಲ್ಲ. ಆದರೆ ವರದಿಯ ಕೊನೆಗೆ, ಯಾರು ಬೇಕಾದರೂ ನನ್ನ ಕೆಲಸವನ್ನು ಪರೀಕ್ಷಿಸಲು ಅನುಕೂಲವಾಗಲೆಂದು, ಒಂದು ಅನುಬಂಧ ಸೇರಿಸಿದೆ. ಪ್ರತಿ ನಮೂನೆಯ ಕ್ರಮಸಂಖ್ಯೆ, ಅದನ್ನು ತುಂಬಿದ ತಾರೀಕು, ಪಾಳಿ, ಉತ್ತರಗಳು. ನಾನಿದ್ದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಇಂಥ ಅನುಬಂಧವಿಲ್ಲದ ವರದಿಗೆ ನಾನೇ ಸಹಿ ಹಾಕುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಆ ವಾರ್ಡಿನಲ್ಲಿ ಇರುತ್ತಿದ್ದುದು ಒಬ್ಬರೇ ಆಯಾ ಎಂಬುದು ನನಗೆ ತಿಳಿಯದ ವಿಷಯವಲ್ಲ. ಆ ಎರಡು ತಿಳಿವಳಿಕೆಗಳು ನನ್ನ ತಲೆಯಲ್ಲಿ ಒಂದರ ಪಕ್ಕ ಒಂದು ಬಂದು ಕೂರಲೇ ಇಲ್ಲ.

ಕೆಲವು ವಾರಗಳ ಬಳಿಕ ಉಳಿದ ಕಾಗದಗಳನ್ನು ಒಪ್ಪಿಸಲು ಹೋದಾಗ ಕಿಟಕಿಯ ಬಳಿ ಬೇರೆ ಆಯಾ ನಿಂತಿದ್ದಳು. ಸಿಸ್ಟರ್ ನನ್ನನ್ನು ಲಿನನ್ ಕೋಣೆಗೆ ಕರೆದೊಯ್ದರು.

"ತೆಗೆದುಬಿಟ್ರು ಸಾರ್. ಅವಳು ಬರೆದಿದ್ದು ಅಂತ ಹೇಗೆ ಗೊತ್ತಾಯ್ತೋ ದೇವರಿಗೇ ಗೊತ್ತು. ನನ್ನ ಕರೆಸಿದ್ರು. ಡ್ಯೂಟಿ ರಿಜಿಸ್ಟರ್ ತಗೊಂಡ್ ಬನ್ನಿ ಅಂದ್ರು. ಯಾಕೆ ಅಂತ ಹೇಳ್ಲಿಲ್ಲ. ತಗೊಂಡ್ ಹೋದೆ. ನಾನು ರಿಜಿಸ್ಟರ್ ಹಿಡ್ಕೊಂಡು ಆಫೀಸಿಗೆ ಹೋಗಿದ್ದನ್ನ ಅವಳು ನೋಡಿದಾಳೆ. ಮಾರನೇ ದಿನ ಅವಳಿಗೆ ಬರಬೇಡ ಅಂದ್ರು. ಈಗ ಫೋನ್ ಎತ್ತಲ್ಲ."

ನಾನು ಅಲ್ಲಿಂದ ನೇರವಾಗಿ ಆಡಳಿತಾಧಿಕಾರಿಯ ಕೋಣೆಗೆ ಹೋದೆ. ವಿನಯವಂತ ವ್ಯಕ್ತಿ. ಎದ್ದು ನಿಂತು ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ನನ್ನ ವರದಿ ಮೇಜಿನ ಮೇಲಿತ್ತು, ಕೊನೆಯ ಪುಟಕ್ಕೆ ಹಳದಿ ಚೀಟಿ ಅಂಟಿಸಿತ್ತು.

"ನೀವು ತುಂಬಾ ಸಿಸ್ಟಮ್ಯಾಟಿಕ್ ಸಾರ್. ಈ ಟೇಬಲ್ ಇಲ್ಲದಿದ್ರೆ ನಮಗೆ ಗೊತ್ತಾಗ್ತಾನೇ ಇರ್ಲಿಲ್ಲ. ಯಾರನ್ನೂ ಕೇಳೋ ಅಗತ್ಯಾನೇ ಬೀಳಲಿಲ್ಲ. ಡೇಟ್ ನೋಡಿದ್ವಿ, ರಿಜಿಸ್ಟರ್ ನೋಡಿದ್ವಿ, ಆಯ್ತು."

ಆಕೆ ಬರೆದದ್ದು ನಿಜ, ಆಕೆಯನ್ನು ವಾಪಸು ತೆಗೆದುಕೊಳ್ಳಬೇಕು ಎಂದೆ.

"ನಾವು ತೆಗೆದಿಲ್ಲ ಸಾರ್. ಅವರು ನಮ್ಮ ಸ್ಟಾಫೇ ಅಲ್ಲ. ಇವರು ಬೇಡ, ಬೇರೆಯವರನ್ನ ಕಳಿಸಿ ಅಂತ ಏಜೆನ್ಸಿಗೆ ಹೇಳಿದ್ವಿ ಅಷ್ಟೇ. ಅಂಥಾ ಸಮಸ್ಯೆ ಇದ್ದಿದ್ರೆ ನಮಗೇ ಬಂದು ಹೇಳ್ಬಹುದಿತ್ತಲ್ಲ?"

ಚೀಲಗಳ ಬಗ್ಗೆ ಕೇಳಿದೆ. "ಸಿಬ್ಬಂದಿ ಬಹುಮಟ್ಟಿಗೆ ತೃಪ್ತರು ಅಂತ ನೀವೇ ಬರೆದಿದ್ದೀರಲ್ಲ ಸಾರ್," ಎಂದರು. ಬರೆದಿದ್ದೆ. ಗುರುತುಗಳನ್ನು ಕೂಡಿಸಿದಾಗ ಬಂದ ವಾಕ್ಯ ಅದೇ. ಇನ್‌ಸ್ಪೆಕ್ಷನ್ನಿಗೆ ಬರುವವರಿಗೆ ಕಾಣುವಂತೆ ಆ ವಾಕ್ಯವನ್ನು ಪಡಸಾಲೆಯ ಫಲಕದಲ್ಲಿ ಹಾಕಿಸಿದ್ದರು. ಹೊರಡುವಾಗ ಅದರ ಕೆಳಗೇ ಹಾದು ಬಂದೆ. ಅಂದು ಮತ್ತೆ ವಾರ್ಡಿಗೆ ಹೋಗಿ ಸಿಸ್ಟರಿಗೆ ವಿಷಯ ತಿಳಿಸಬಹುದಿತ್ತು. ಮೆಟ್ಟಿಲ ತನಕ ಹೋಗಿ ಹಿಂದಿರುಗಿದೆ.

ಆ ಶನಿವಾರ ಜೋಗುಪಾಳ್ಯದ ಅಕ್ಕನ ಮನೆಯನ್ನು ಹುಡುಕಿಕೊಂಡು ಹೋದೆ. ಕಬ್ಬಿಣದ ಮೆಟ್ಟಿಲ ಮೇಲಿನ ಒಂದು ಕೋಣೆ. ಹೊಲಿಗೆ ಯಂತ್ರದ ಮುಂದೆ ಮಗಳು. ತಪ್ಪೊಪ್ಪಿಕೊಳ್ಳುವ ಮಾತನ್ನು ಬಸ್ಸಿನಲ್ಲಿ ಬರುವಾಗ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಅಕ್ಕ ಟೀ ಕೊಟ್ಟು ಎದುರು ಕುಳಿತರು. ಮೊದಲು ಕೇಳಿದ್ದು ಹನ್ನೊಂದನೇ ಬೆಡ್ಡಿನ ತಾತನ ವಿಷಯ.

"ಅವ್ರಿಗೆ ಚೀಲದ ಸ್ಪೀಡ್ ಜಾಸ್ತಿ ಇಟ್ರೆ ವಾಂತಿ ಆಗುತ್ತೆ ಸಾರ್. ಹೊಸಬಳಿಗೆ ಹೇಳಿದಾರಾ ಯಾರಾದ್ರೂ?"

ಗೊತ್ತಿಲ್ಲ ಎಂದೆ. ಅವರು ತಾವಾಗಿಯೇ ಮುಂದುವರಿದರು.

"ಸಿಸ್ಟರಮ್ಮನೇ ಹೇಳಿದ್ದು. ನಾನೇ ನೋಡ್ದೆ, ರಿಜಿಸ್ಟರ್ ಹಿಡ್ಕೊಂಡು ಹೋದ್ರು. ತಾರೀಕು ಒರೆಸು ಅಂದಿದ್ದು ಅವ್ರಲ್ವಾ, ತಮ್ಮ ಮೇಲೆ ಬರುತ್ತೆ ಅಂತ ಹೆದರಿಕೊಂಡ್ರು. ಕೆಲಸ ಹೋಗ್ಲಿ ಸಾರ್, ಇನ್ನೊಂದು ಸಿಗುತ್ತೆ. ಹದಿನೇಳು ವರ್ಷ ಒಂದೇ ಡಬ್ಬಿಯಲ್ಲಿ ತಿಂದಿದ್ವಿ."

"ಹೇಳಿದ್ದು ಅವರಾಗಿರಲಿಕ್ಕಿಲ್ಲ, ಅಮ್ಮ," ಎಂದೆ.

"ನೀವು ಒಳ್ಳೆಯವರು, ಹಾಗೇ ಹೇಳ್ತೀರಾ. ನಮ್ಮನ್ನ ಕೂರಿಸಿ ಕೇಳ್ದೋರು ನೀವು ಒಬ್ರೇ. ಹೆಸರು ಬೇಡ ಅಂದ್ರಿ, ಬರೆಯಲೂ ಇಲ್ಲ. ಕೊಟ್ಟ ಮಾತು ಉಳಿಸ್ಕೊಂಡ್ರಿ." ಮಗಳ ಕಡೆ ತಿರುಗಿ, "ಇವರೇ ಕಣೇ ನಾನು ಹೇಳ್ತಿದ್ದ ಸಾರು," ಎಂದರು.

ಜೋಡಿಸಿಕೊಂಡು ಹೋಗಿದ್ದ ಮಾತನ್ನು ಆಡಲಿಲ್ಲ. ಟೀ ಕುಡಿದು ಎದ್ದೆ. ಮೊದಲು ಕೆಲಸ ವಾಪಸು ಕೊಡಿಸೋಣ, ಆಮೇಲೆ ಹೇಳಿದರಾಯಿತು ಎಂದು ಮೆಟ್ಟಿಲಿಳಿಯುವಾಗಲೇ ನನಗೆ ನಾನು ಸಮಾಧಾನ ಹೇಳಿಕೊಂಡೆ. ಆಸ್ಪತ್ರೆಗೂ ಅದರ ಟ್ರಸ್ಟಿಗಳಿಗೂ ಪತ್ರ ಬರೆದೆ, ಅನುಬಂಧದ ತಪ್ಪು ನನ್ನದೆಂದು ಅದರಲ್ಲಿ ಸ್ಪಷ್ಟವಾಗಿಯೇ ಬರೆದೆ. ಯಾವುದಕ್ಕೂ ಉತ್ತರ ಬರಲಿಲ್ಲ. ಕಾಗದದ ಮೇಲೆ ಒಪ್ಪಿಕೊಳ್ಳುವುದು ನನಗೆ ಯಾವತ್ತೂ ಕಷ್ಟವಾಗಿರಲಿಲ್ಲ.

ಅಕ್ಕ ದೊಡ್ಡನೆಕ್ಕುಂದಿಯ ಒಂದು ಕಂಪನಿಯಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿದರು. ಎರಡು ಬಸ್ಸು ಬದಲಿಸಬೇಕು, ದಿನವಿಡೀ ಗಾಜು ಒರೆಸಬೇಕು. "ಮಾತೇ ಇಲ್ಲ ಸಾರ್ ಅಲ್ಲಿ. ಎಲ್ರಿಗೂ ಬಾಯಿದೆ, ಯಾರೂ ಮಾತಾಡಲ್ಲ," ಎಂದರು ಎರಡನೆಯ ಸಲ ಹೋದಾಗ. ಅಷ್ಟರಲ್ಲಿ ಮಗಳ ನಿಶ್ಚಿತಾರ್ಥವಾಗಿತ್ತು. ಅದಕ್ಕೆಂದು ಸಿಸ್ಟರ್ ಸೀರೆ, ಹೂವು, ಸಿಹಿ ಹಿಡಿದು ಬಂದಿದ್ದರಂತೆ. ಅಕ್ಕ ಮೆಟ್ಟಿಲ ಮೇಲೆಯೇ ತಡೆದು ಹಿಂದಕ್ಕೆ ಕಳುಹಿಸಿದ್ದರು. ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ತೊಳೆದಿಟ್ಟಿದ್ದ ಲೋಟವನ್ನು ಮತ್ತೆ ತೊಳೆಯತೊಡಗಿದರು. "ಸೀರೆ ಚೆನ್ನಾಗಿತ್ತು ಸಾರ್," ಎಂದರು.

ಅಂದೂ ಹೇಳಲಿಲ್ಲ. ತಡವಾದಷ್ಟೂ ಹೇಳಬೇಕಾದದ್ದು ಬೆಳೆಯುತ್ತಿತ್ತು. ಈಗ ಬರೀ ಅನುಬಂಧದ ತಪ್ಪನ್ನು ಹೇಳಿದರೆ ಸಾಲದು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಿತ್ತು. ಮೂರನೆಯ ಸಲ ದೃಢವಾಗಿ ನಿರ್ಧರಿಸಿಯೇ ಹೋದೆ. ಅವರು ಪಾಳಿ ಬದಲಾಗಿ ಬಸ್ಸಿಗೆ ಓಡುತ್ತಿದ್ದರು. ರಸ್ತೆಯ ಆ ಬದಿಯಿಂದಲೇ, "ಮುಂದಿನ ವಾರ ಬನ್ನಿ ಸಾರ್, ಕೂತು ಮಾತಾಡಣ," ಎಂದು ಕೈಯೆತ್ತಿದರು. ಮುಂದಿನ ವಾರ ನನಗೆ ಶೀತವಾಗಿತ್ತು. ಶೀತವೇ ಅಡ್ಡಿಯಾಯಿತೆಂದು ಆಗ ನಂಬಿದ್ದೆ. ದಿನಚರಿಯನ್ನು ಈಗ ನೋಡಿದರೆ ಆ ವಾರ ಎರಡು ಸಲ ಗ್ರಂಥಾಲಯಕ್ಕೆ ಹೋಗಿಬಂದದ್ದು ನನ್ನದೇ ಕೈಬರಹದಲ್ಲಿದೆ.

ಆಮೇಲೆ ಬಂದದ್ದು ಸಿಸ್ಟರ್ ಫೋನು.

ಜೋಗುಪಾಳ್ಯದ ಆ ಗಲ್ಲಿಯಲ್ಲಿ ಶಾಮಿಯಾನ ಹಾಕಲೂ ಜಾಗವಿರಲಿಲ್ಲ. ಕೆಳಗಿನ ಮನೆಯವರು ತಮ್ಮ ಮುಂದಿನ ಕೋಣೆ ಖಾಲಿ ಮಾಡಿ ಕೊಟ್ಟಿದ್ದರು. ನನ್ನನ್ನು ಕಂಡೊಡನೆ ಮಗಳು ಎದ್ದು ಬಂದು, ಅಲ್ಲಿದ್ದ ಒಂದೇ ಕುರ್ಚಿಯನ್ನು ಅಕ್ಕನ ತಲೆಯ ಬಳಿ ಹಾಕಿಸಿ ಕೂರಿಸಿದಳು. ಸುತ್ತ ನೆಲದ ಮೇಲೆ ಕುಳಿತಿದ್ದ ಹೆಂಗಸರು ಜಾಗ ಬಿಟ್ಟರು. "ಅಮ್ಮ ಹೇಳ್ತಿದ್ರಲ್ಲ, ಆ ಸಾರು," ಎಂದು ಅವಳು ಅವರಿಗೆ ಹೇಳಿದ್ದು ಕೇಳಿಸಿತು. ತೆರೆದ ಬಾಗಿಲಿನಿಂದ ಗಲ್ಲಿಯ ತುದಿಯ ಟೀ ಅಂಗಡಿ ಕಾಣುತ್ತಿತ್ತು. ಅದರ ಪಕ್ಕದಲ್ಲಿ, ಹಾರ ಹಿಡಿದು, ಸಿಸ್ಟರ್ ನಿಂತಿದ್ದರು.

ಇನ್ನು ತಡೆಯಲು ಸಾಧ್ಯವಿರಲಿಲ್ಲ. ಮಗಳನ್ನು ಹತ್ತಿರ ಕರೆದು, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದೆ: ನಮೂನೆಯ ಮೇಲಿನ ತಾರೀಕು, ಅನುಬಂಧ, ಆಡಳಿತಾಧಿಕಾರಿ ತಮ್ಮ ಬಾಯಿಂದಲೇ ಹೇಳಿದ್ದು. "ನಿನ್ನ ತಾಯಿಯ ಕೆಲಸ ಹೋದದ್ದು ನನ್ನಿಂದಮ್ಮ. ಸಿಸ್ಟರ್ ಏನೂ ಮಾಡಿಲ್ಲ. ಅವರನ್ನು ಒಳಗೆ ಕರಿ."

ಅವಳು ಪೂರ್ತಿ ಕೇಳಿದಳು. ಕಣ್ಣೊರೆಸಿಕೊಂಡು, ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ನೀವು ದೊಡ್ಡೋರು ಸಾರ್. ಅವರು ಬಿಸಿಲಲ್ಲಿ ನಿಂತಿರೋದು ನೋಡಕ್ಕಾಗ್ದೆ ಹೀಗೆ ಹೇಳ್ತಿದೀರಾ. ಅಮ್ಮ ಅವತ್ತೇ ಹೇಳಿದ್ರು, ಸಾರು ಅವ್ರ ಪರವಾಗೇ ಮಾತಾಡ್ತಾರೆ, ಅಷ್ಟು ಒಳ್ಳೆಯವ್ರು ಅಂತ. ಬೇಡ ಸಾರ್. ಅಮ್ಮ ಬೇಡ ಅಂದಿದ್ದನ್ನ ನಾನು ಮಾಡಲ್ಲ. ನೀವು ಕೂತ್ಕೊಳ್ಳಿ."

"ನಾನು ಹೇಳ್ತಿರೋದು ನಿಜ," ಎಂದೆ.

"ಗೊತ್ತು ಸಾರ್. ಕೂತ್ಕೊಳ್ಳಿ," ಎಂದು, ಮಗುವಿಗೆ ಹೇಳುವಂತೆ ಹೇಳಿ, ಯಾರೋ ಕರೆದರೆಂದು ಎದ್ದು ಹೋದಳು.

ನಾನು ಗಲ್ಲಿಯ ತುದಿಗೆ ನಡೆದೆ. ಸಿಸ್ಟರ್ ನನ್ನ ಮುಖವನ್ನಲ್ಲ, ನನ್ನ ಹಿಂದಿನ ಬಾಗಿಲನ್ನು ನೋಡುತ್ತಿದ್ದರು.

"ಮುಖ ಹೇಗಿದೆ ಸಾರ್? ಬಾಯಿ ಮುಚ್ಚಿದೆಯಾ? ಯಾವ ಸೀರೆ ಉಡಿಸಿದಾರೆ?"

"ಹಸಿರು," ಎಂದೆ.

"ಹಸಿರಾ," ಎಂದರು. "ಅವಳಿಗೆ ಹಸಿರು ಸೇರ್ತಿರ್ಲಿಲ್ಲ."

ಅವರಿಗೂ ಹೇಳಿದೆ. ಮಗಳಿಗೆ ಹೇಳಿದ್ದಷ್ಟನ್ನೂ, ಮೂರು ಸಲ ಮನೆಗೆ ಹೋಗಿ ಬಾಯಿ ಬಿಡದೆ ಬಂದದ್ದನ್ನೂ. ಅವರು ನಂಬಿದರು. ನಂಬಿದರೆಂದು ನನಗೆ ತಿಳಿದದ್ದು, ಅವರ ಕೈಯಲ್ಲಿದ್ದ ಹಾರ ನಿಧಾನವಾಗಿ ಕೆಳಗೆ ಇಳಿದದ್ದರಿಂದ. ಬೈಯಲಿಲ್ಲ. ಒಂದೇ ಮಾತು ಕೇಳಿದರು.

"ಅವಳಿಗೆ ಹೇಳಲೇ ಇಲ್ವಾ?"

"ಇಲ್ಲ."

ಶವವಾಹನ ಹಿಂದಕ್ಕೆ ಸರಿಯುತ್ತ ಗಲ್ಲಿಯ ಬಾಯಿಗೆ ಬಂತು. ಗಂಡಸರು ಅಕ್ಕನನ್ನು ಹೊತ್ತು ತಂದರು. ಸಿಸ್ಟರ್ ಅಂಗಡಿಯ ಗೋಡೆಗೆ ಒತ್ತಿ ನಿಂತರು. ಹೊತ್ತವರು ಹಾದು ಹೋಗುವಾಗ ಅರ್ಧ ಹೆಜ್ಜೆ ಮುಂದಿಟ್ಟು, ಮಗಳು ನೋಡುತ್ತಿದ್ದಾಳೆಂದು ಮತ್ತೆ ಹಿಂದೆ ಸರಿದರು. ಆಮೇಲೆ ಹಾರವನ್ನು ನನ್ನ ಕೈಗಿಟ್ಟರು.

"ನೀವು ಹೋಗಿ ಸಾರ್. ವಾರ್ಡಿನ ಕಡೆಯಿಂದ ಯಾರಾದ್ರೂ ಒಬ್ರು ಜೊತೇಲಿರ್ಬೇಕಲ್ಲ."

ವಾಹನದೊಳಗಿದ್ದ ಯಾರೋ ಎದ್ದು ನನಗೆ ಜಾಗ ಮಾಡಿಕೊಟ್ಟರು. ನಾನು ಹತ್ತಿ ಕುಳಿತೆ.